ಹಳ್ಳದ ನೀರಿನ ಲೆಕ್ಕ: ಶಿರಸಿ ಸೀಮೆಯ ಒಂದು ಮಜರೆಯ ವಿದ್ಯುತ್ ಪ್ರಕರಣ

ಹಿನ್ನೆಲೆ

ಶಿರಸಿ ಸೀಮೆಯಲ್ಲಿ, ಘಟ್ಟದ ಅಂಚಿಗೆ ಇರುವ ಒಂಬತ್ತು ಮನೆಗಳ ಒಂದು ಮಜರೆ ಈ ಪ್ರಕರಣದ ನೆಲೆ. ಊರಿನ ಹೆಸರು, ಮನೆತನಗಳ ಹೆಸರು, ಉಪಕರಣ ಪೂರೈಸಿದವರ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಲಾಗಿದೆ. ಏಳು ಮನೆಗಳು ಕಣಿವೆಯ ಅಡಿಕೆ ತೋಟಗಳ ಅಂಚಿನಲ್ಲಿ ಸಾಲಾಗಿವೆ. ಉಳಿದ ಎರಡು ಎದುರಿನ ಗುಡ್ಡದ ಮೇಲೆ, ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿವೆ. ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ, ಅದರ ಆಚೆ ದಟ್ಟ ಕಾಡು. ಬೆಟ್ಟದಿಂದ ಇಳಿಯುವ ಹಳ್ಳದ ನೀರನ್ನು ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಪೈಪಿನಲ್ಲಿ, ಯಾವ ಪಂಪೂ ಇಲ್ಲದೆ ಮನೆಯಂಗಳಕ್ಕೆ ತರುವ ರೂಢಿ ಇಲ್ಲಿ ತಲೆಮಾರುಗಳದು.

ಈ ಉತ್ತರ ಕನ್ನಡ ಜಿಲ್ಲೆಗೆ ವಿದ್ಯುತ್ ಉತ್ಪಾದನೆ ಹೊಸದಲ್ಲ. ಕಾಳಿ ನದಿಯ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ. ಶರಾವತಿಯ ಕೊನೆಗೆ 240 ಮೆಗಾವ್ಯಾಟ್‌ನ ಗೇರುಸೊಪ್ಪ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ಘಟಕಗಳು. ಇಷ್ಟಿದ್ದೂ ಈ ಮಜರೆಯಲ್ಲಿ ಆರಿದ್ರಾ ಮಳೆ ಹಿಡಿದರೆ ಮೂರು-ನಾಲ್ಕು ದಿನ ಕರೆಂಟು ಇಲ್ಲದಿರುವುದು ಮಾಮೂಲು. ಕೊರತೆ ಇರುವುದು ಉತ್ಪಾದನೆಯಲ್ಲಲ್ಲ, ತಂತಿಯಲ್ಲಿ: ಮಜರೆಗೆ ಬರುವ ಲೈನು ಹಲವು ಕಿಲೋಮೀಟರ್ ಕಾಡಿನ ನಡುವೆ ಹಾದುಬರುತ್ತದೆ, ಗಾಳಿಮಳೆಗೆ ಎಲ್ಲಿ ಮರ ಬಿತ್ತೆಂದು ಹುಡುಕುವುದಕ್ಕೇ ಲೈನ್‌ಮನ್‌ಗಳಿಗೆ ಒಂದು ದಿನ ಬೇಕು. ಈ ಒಂದು ಸಂಗತಿಯೇ ಮುಂದಿನ ಎಲ್ಲ ಲೆಕ್ಕಗಳಿಗೆ ಅಡಿಪಾಯವಾಯಿತು.

ಸಮಸ್ಯೆ

ಎರಡು ಸತತ ಮಳೆಗಾಲಗಳಲ್ಲಿ ದೀರ್ಘ ಕತ್ತಲೆ ಅನುಭವಿಸಿದ ಮೇಲೆ ಮಜರೆಯವರು ಸ್ವಂತ ವಿದ್ಯುತ್ತಿನ ವಿಚಾರ ಎತ್ತಿದರು. ಪ್ರತಿ ಮನೆಯಲ್ಲೂ ಇನ್ವರ್ಟರ್ ಮತ್ತು 150 ಆಂಪಿಯರ್-ಗಂಟೆಯ ಬ್ಯಾಟರಿ ಮೊದಲೇ ಇತ್ತು. ಅಂಥ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗ ಇರುವುದು 1.8 ಯೂನಿಟ್, ಒಂದು ರಾತ್ರಿಗೆ ಸಾಕು, ಎರಡನೆಯ ರಾತ್ರಿಗೆ ಇಲ್ಲ. ಒಂದು ಮನೆಯವರು ಡೀಸೆಲ್ ಜನರೇಟರ್ ಇಟ್ಟಿದ್ದರು. ಅದರ ಸದ್ದು, ಹೊಗೆ, ಖರ್ಚು ಮೂರೂ ಉಳಿದವರಿಗೆ ಎಚ್ಚರಿಕೆಯಂತೆ ಇದ್ದವು.

ಮೊದಲು ಕರೆಸಿದ್ದು ಒಬ್ಬ ಉಪಕರಣ ಪೂರೈಕೆದಾರರನ್ನು. ಅವರು ಆಗಸ್ಟ್ ತಿಂಗಳಲ್ಲಿ ಬಂದು, ಹಳ್ಳದಲ್ಲಿ ತೆಂಗಿನ ಚಿಪ್ಪು ತೇಲಿಬಿಟ್ಟು ನೀರಿನ ವೇಗ ನೋಡಿ, ಮೊಬೈಲಿನ ಆ್ಯಪ್‌ನಲ್ಲಿ ಮೇಲಿನ ಗುಂಡಿಯ ಎತ್ತರ ಮತ್ತು ಕೆಳಗಿನ ಅಂಗಳದ ಎತ್ತರ ಕಳೆದು, ಸೆಕೆಂಡಿಗೆ 20 ಲೀಟರ್ ನೀರು, 45 ಮೀಟರ್ ಬೀಳು (ನೀರು ಇಳಿಯುವ ಎತ್ತರ) ಎಂದು ಬರೆದುಕೊಂಡು 5 ಕಿಲೋವ್ಯಾಟ್‌ನ ಘಟಕಕ್ಕೆ ದರಪಟ್ಟಿ ಕೊಟ್ಟರು. ಒಂಬತ್ತು ಮನೆಗಳಿಗೆ 5 ಕಿಲೋವ್ಯಾಟ್ ಎಂದರೆ ಮಿಕ್ಸಿಯೂ ಓಡುತ್ತದೆ, ಫ್ರಿಜ್ಜೂ ಓಡುತ್ತದೆ. ಮುಂಗಡ ಕೊಡಲು ನಾಲ್ಕು ಮನೆಯವರು ತಯಾರಿದ್ದರು. ಅಷ್ಟರಲ್ಲಿ ಮಜರೆಯ ಹಿರಿಯರೊಬ್ಬರು, ಬೇಸಿಗೆಯಲ್ಲಿ ಇದೇ ಹಳ್ಳಕ್ಕೆ ಕಟ್ಟ ಹಾಕಿ ಸರದಿಯಲ್ಲಿ ತೋಟಕ್ಕೆ ನೀರು ಬಿಡುವವರು, "ಆಗಸ್ಟಿನ ಹಳ್ಳ ನೋಡಿ ಲೆಕ್ಕ ಹಾಕಿದರೆ ಮಾರ್ಚಿನಲ್ಲಿ ಏನು ಮಾಡುವುದು?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಸಿಕ್ಕದೆ ಹಣ ಕೊಡಬಾರದೆಂದು ತೀರ್ಮಾನವಾಗಿ, ಸಂಪನ್ಮೂಲದ ಅಳತೆಗೆಂದು ನಮ್ಮ ಸಣ್ಣ ತಂಡವನ್ನು ಕರೆದರು.

ಅಳತೆ

ಹಳ್ಳದ ನೀರಿನಿಂದ ಎಷ್ಟು ವಿದ್ಯುತ್ ಬರುತ್ತದೆಂಬ ಸೂತ್ರ ಕಷ್ಟದ್ದಲ್ಲ. ಸೆಕೆಂಡಿಗೆ ಒಂದು ಲೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ 9.81 ವ್ಯಾಟ್, ಲೀಟರ್ ಮತ್ತು ಮೀಟರ್‌ಗಳಿಂದ ಅದನ್ನು ಗುಣಿಸಿ, ಇಂಥ ಪುಟ್ಟ ಘಟಕಗಳಲ್ಲಿ ಚಕ್ರ, ಜನರೇಟರ್‌ಗಳ ನಷ್ಟ ಕಳೆದು ಸುಮಾರು ಅರ್ಧ ಕೈಗೆ ಬರುತ್ತದೆಂದು ಇಟ್ಟುಕೊಂಡರೆ ಸಾಕು. ಕಷ್ಟ ಇರುವುದು ಲೀಟರ್ ಮತ್ತು ಮೀಟರ್‌ಗಳನ್ನು ನಂಬುವಂತೆ ಅಳೆಯುವುದರಲ್ಲಿ.

ಬೀಳಿನ ಅಳತೆ ಅರ್ಧ ದಿನದಲ್ಲಿ ಮುಗಿಯಿತು. ಆ ಗುಂಡಿಯಿಂದಲೇ ಒಂದು ಮನೆಗೆ ಅಬ್ಬಿ ನೀರಿನ ಪೈಪು ಬರುತ್ತಿತ್ತು. ಅಂಗಳದಲ್ಲಿ ಅದರ ತುದಿಗೆ ಒತ್ತಡಮಾಪಕ ಸಿಕ್ಕಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ, ಪೈಪಿನೊಳಗಿನ ಗಾಳಿ ಹೋಗುವವರೆಗೆ ಕಾದೆವು. ಮುಳ್ಳು ನಡುಗಿ ನಡುಗಿ 3.4ಕ್ಕೆ ನಿಂತಿತು. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡವೆಂದರೆ 10 ಮೀಟರ್ ನೀರು. ಹಾಗಾಗಿ ಬೀಳು 34 ಮೀಟರ್. ಮೊಬೈಲ್ ಹೇಳಿದ 45ರಲ್ಲಿ 11 ಮೀಟರ್ ಇರಲೇ ಇಲ್ಲ. ಮರಗಳ ಕೆಳಗೆ, ಇಕ್ಕಟ್ಟಾದ ಕಣಿವೆಯಲ್ಲಿ ಮೊಬೈಲ್ ತೋರಿಸುವ ಎತ್ತರ ಹತ್ತಾರು ಮೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ಮುನ್ನೂರು-ನಾನ್ನೂರು ಮೀಟರ್ ಬೆಟ್ಟ ಅಳೆಯುವಾಗ ಅದು ದೊಡ್ಡ ತಪ್ಪಲ್ಲ; ಮೂವತ್ತು ಮೀಟರಿನ ಹಳ್ಳಕ್ಕೆ ಅದೇ ಮೂರನೇ ಒಂದು ಪಾಲು.

ನೀರಿನ ಅಳತೆಗೆ ಒಂದು ವರ್ಷ ಬೇಕೆಂದು ನಾವು ಹೇಳಿದಾಗ ಅಸಮಾಧಾನ ಎದ್ದದ್ದು ನಿಜ. ಹಳ್ಳಕ್ಕೆ ಅಡ್ಡಲಾಗಿ ಹಲಗೆ ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕೊರೆದು, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ತುಸು ಹಿಂದೆ ನೆಟ್ಟ ಅಳತೆಪಟ್ಟಿಯಲ್ಲಿ ಓದುವುದು ಕ್ರಮ. ವಾರಕ್ಕೆ ಎರಡು ಸಲ ಓದಿ ಬರೆಯುವ ಹೊಣೆಯನ್ನು ಪ್ರಶ್ನೆ ಎತ್ತಿದ ಹಿರಿಯರ ಮೊಮ್ಮಗಳು, ಆಗ ಪಿಯುಸಿ ಓದುತ್ತಿದ್ದವಳು, ವಹಿಸಿಕೊಂಡಳು. ಆ ರಿಜಿಸ್ಟರ್ ಇಲ್ಲದಿದ್ದರೆ ಈ ಪ್ರಕರಣದಲ್ಲಿ ಬರೆಯುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ.

ವಿ ಕಚ್ಚಿನ ಒಂದು ಗುಣವನ್ನು ಮನೆಯವರಿಗೆ ಮನವರಿಕೆ ಮಾಡಲು ಸಮಯ ಹಿಡಿಯಿತು. ನೀರಿನ ಮಟ್ಟ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ. ಐದನೇ ಒಂದು ಭಾಗಕ್ಕಿಂತಲೂ ಕೆಳಗೆ ಹೋಗುತ್ತದೆ. ಆಗಸ್ಟಿನಲ್ಲಿ ಮಟ್ಟ 20 ಸೆಂಟಿಮೀಟರ್ ಇದ್ದಾಗ ಸೆಕೆಂಡಿಗೆ ಸುಮಾರು 25 ಲೀಟರ್ ಹರಿಯುತ್ತಿತ್ತು. ಅಕ್ಟೋಬರ್ ಕೊನೆಗೆ 14 ಸೆಂಟಿಮೀಟರ್, ಅಂದರೆ 10 ಲೀಟರ್. ಡಿಸೆಂಬರ್ ಕೊನೆಗೆ 8 ಸೆಂಟಿಮೀಟರ್ ಎಂದು ಓದಿದಾಗ "ಇನ್ನೂ ಸುಮಾರು ಅರ್ಧ ಇದೆಯಲ್ಲ" ಎಂದವರಿದ್ದರು. ಲೆಕ್ಕ ಹಾಕಿದರೆ ಉಳಿದದ್ದು ಎರಡೂವರೆ ಲೀಟರ್. ಫೆಬ್ರುವರಿಯಲ್ಲಿ ಒಂದು ಲೀಟರಿಗೂ ಕಡಿಮೆ. ಏಪ್ರಿಲ್‌ನಲ್ಲಿ ಹರಿದದ್ದು ಕುಡಿಯುವ ನೀರಿಗೆ ಆಗುವಷ್ಟು ಮಾತ್ರ. ಶಿರಸಿ ಸೀಮೆಗೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆಂದು ಕೇಳಿದವರಿಗೆ ಈ ಅಂಕಿ ಒಗ್ಗುವುದಿಲ್ಲ; ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ, ಸರಾಸರಿ ಹರಿವಿನಿಂದ ಚಕ್ರ ತಿರುಗುವುದಿಲ್ಲ.

ಹಳ್ಳದ ಜೊತೆಗೆ ಉಳಿದ ಮೂಲಗಳನ್ನೂ ನೋಡಲಾಯಿತು. ಗಾಳಿಯ ವಿಚಾರ ಬೇಗ ಮುಗಿಯಿತು: ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣ, ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು. ಸುತ್ತ ಎತ್ತರದ ಮರಗಳಿರುವ ಕಣಿವೆಯಲ್ಲಿ ಮಳೆಗಾಲದ ಬಿರುಗಾಳಿ ಮರ ಕೆಡವುತ್ತದೆಯೇ ಹೊರತು ರೆಕ್ಕೆಯನ್ನು ಹದವಾಗಿ ತಿರುಗಿಸುವುದಿಲ್ಲ. ಸಗಣಿ ಅನಿಲ ಶಿರಸಿ ಸೀಮೆಯ ಹೆಮ್ಮೆ. ಇಲ್ಲಿ ಅದು ಹಬ್ಬಿದ ಬಗೆಯ ಮೇಲೆ ವಿದ್ವಾಂಸರು ಅಧ್ಯಯನ ಬರೆದಿದ್ದಾರೆ. ಒಂಬತ್ತರಲ್ಲಿ ಆರು ಮನೆಗಳಲ್ಲಿ ಗೋಬರ್ ಗ್ಯಾಸ್ ಇತ್ತು. ಆದರೆ ಅದೇ ಅನಿಲವನ್ನು ಇಂಜಿನ್ನಿಗೆ ಕೊಟ್ಟರೆ ಒಂದು ಘನಮೀಟರಿಗೆ ಒಂದೂವರೆ ಯೂನಿಟ್ ಆಸುಪಾಸು ಸಿಗುತ್ತದೆ, ಒಲೆಗೆ ಕೊಟ್ಟರೆ ಅದರ ಶಾಖದ ಅರ್ಧಕ್ಕೂ ಹೆಚ್ಚು ಪಾತ್ರೆಗೆ ಸೇರುತ್ತದೆ. ಮಲೆನಾಡು ಗಿಡ್ಡ ತಳಿಯ ನಾಲ್ಕೈದು ದನಗಳ ಸಗಣಿಯನ್ನು ಒಲೆಯಿಂದ ಕಿತ್ತು ಬಲ್ಬಿಗೆ ಕೊಡುವುದು ನಷ್ಟದ ವ್ಯಾಪಾರ. ಕಟ್ಟಿಗೆಯಿಂದ ಅನಿಲ ಮಾಡಿ ವಿದ್ಯುತ್ ತೆಗೆಯುವ ಕ್ರಮವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ನಡೆಸಿ ತೋರಿಸಿದ್ದುಂಟು. ಅದಕ್ಕೆ ದಿನವೂ ನಿಂತು ನೋಡಿಕೊಳ್ಳುವ ಕೆಲಸಗಾರ ಬೇಕು, ಯೂನಿಟ್ಟಿಗೆ ಒಂದು ಕಿಲೋಗಿಂತ ಹೆಚ್ಚು ಒಣ ಕಟ್ಟಿಗೆ ಬೇಕು. ಜುಲೈನಲ್ಲಿ ಒಣ ಕಟ್ಟಿಗೆ ಬಚ್ಚಲ ಒಲೆಗೇ ಸಾಲದು.

ಸೂರ್ಯನ ಲೆಕ್ಕಕ್ಕೆ ಹೆಚ್ಚು ಹೊತ್ತು ಕೊಡಬೇಕಾಯಿತು, ಏಕೆಂದರೆ ಎಲ್ಲರ ಬಾಯಲ್ಲೂ ಅದೇ ಇತ್ತು. ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಒಂದು ಕಿಲೋವ್ಯಾಟ್‌ನ ನೀರಿನ ಚಕ್ರ ಹಗಲಿರುಳು ತಿರುಗಿದರೆ 24 ಯೂನಿಟ್. ಎರಡಕ್ಕೂ ಹೆಸರು ಒಂದೇ ಕಿಲೋವ್ಯಾಟ್ ಆದ್ದರಿಂದ ದರ ಹೋಲಿಸುವವರು ಇಲ್ಲೇ ಎಡವುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಸಮಯ. ಕರೆಂಟು ಹೋಗುವುದು ಮೋಡ ಕವಿದ ಜುಲೈ ವಾರಗಳಲ್ಲಿ. ಫಲಕ ಅತಿ ಕಡಿಮೆ ಕೊಡುವುದೂ ಅದೇ ವಾರಗಳಲ್ಲಿ. ಜೊತೆಗೆ, ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಲೈನ್ ದುರಸ್ತಿ ಮಾಡುತ್ತಿರುವವನಿಗೆ ಹೊಡೆತ ತಗುಲಬಾರದೆಂಬ ಸುರಕ್ಷತೆಗಾಗಿಯೇ ಅದನ್ನು ಹಾಗೆ ಮಾಡಿರುತ್ತಾರೆ. ಛಾವಣಿಯ ತುಂಬ ಫಲಕವಿದ್ದೂ ಮನೆ ಕತ್ತಲಲ್ಲಿರುವುದು ಸಾಧ್ಯವೆಂದು ಕೇಳಿ ಸಭೆಯಲ್ಲಿ ಹಲವರಿಗೆ ಅಚ್ಚರಿಯಾಯಿತು. ಇದನ್ನು ಮಾರುವವರು ಮೊದಲೇ ಹೇಳಬೇಕಿತ್ತೆಂಬುದು ನನ್ನ ಅಭಿಪ್ರಾಯ.

ತೀರ್ಮಾನಗಳು

ಅಗತ್ಯದ ಪಟ್ಟಿಯನ್ನು ಕತ್ತರಿಸಿದ್ದು ಮೊದಲ ತಿರುವು. ಕರೆಂಟು ಇಲ್ಲದ ದಿನಗಳಲ್ಲಿ ಬೇಕೇ ಬೇಕಾದದ್ದು ಯಾವುದೆಂದು ಮನೆಮನೆಗೆ ಕೂತು ಬರೆದಾಗ ದೀಪ, ಫ್ಯಾನು, ಮೊಬೈಲ್, ಇಂಟರ್‌ನೆಟ್ ಪೆಟ್ಟಿಗೆ, ಸಂಜೆ ಒಂದಿಷ್ಟು ಟಿವಿ ಎಲ್ಲ ಸೇರಿ ಮನೆಗೆ ದಿನಕ್ಕೆ ಒಂದೂವರೆ ಯೂನಿಟ್ ಆಯಿತು. ಅಡಿಕೆ ಸುಲಿಯುವ ಯಂತ್ರವನ್ನು ಪಟ್ಟಿಯಿಂದ ಹೊರಗಿಟ್ಟದ್ದಕ್ಕೆ ಇಬ್ಬರು ಒಪ್ಪಲಿಲ್ಲ. ಆದರೆ ಸುಲಿ ನಡೆಯುವುದು ನವೆಂಬರ್ ನಂತರ, ಆಗ ಹಳ್ಳ ಇಳಿದಿರುತ್ತದೆ, ಲೈನೂ ಸರಿಯಿರುತ್ತದೆ. ಕಾಲ ಕೂಡದ ಬೇಡಿಕೆಯನ್ನು ಹಳ್ಳದ ಮೇಲೆ ಹೊರಿಸುವುದಕ್ಕೆ ಅರ್ಥವಿರಲಿಲ್ಲ.

ಎರಡನೆಯ ತಿರುವು ಜಾಗದ್ದು. 34 ಮೀಟರ್ ಬೀಳು ಸಿಗುವ ಗುಂಡಿ ಇದ್ದದ್ದು ಸೊಪ್ಪಿನ ಬೆಟ್ಟದಲ್ಲಿ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆಯ ಹಕ್ಕು ತೋಟದವರದು. ನೆಲ ಅರಣ್ಯ ಇಲಾಖೆಯದು. ಸಣ್ಣ ಪೈಪು ತಲೆಮಾರಿನಿಂದ ಇದ್ದದ್ದು ಬೇರೆ, ಕಾಂಕ್ರೀಟ್ ಕಟ್ಟೆ ಕಟ್ಟುವುದು ಬೇರೆ. ಅನುಮತಿಗೆ ಅರ್ಜಿ ಹಾಕಿ ಕಾಯೋಣವೆಂದು ಕೆಲವರು, ಯಾರೂ ನೋಡುವುದಿಲ್ಲ ಕಟ್ಟಿಬಿಡೋಣವೆಂದು ಕೆಲವರು. ಕೊನೆಗೆ ಎರಡನ್ನೂ ಬಿಟ್ಟು, ಹಳ್ಳವು ಮಾಲ್ಕಿ (ಖಾಸಗಿ) ತೋಟಕ್ಕೆ ಇಳಿಯುವ ಜಾಗದಲ್ಲೇ ನೀರು ತೆಗೆಯುವುದೆಂದು ತೀರ್ಮಾನವಾಯಿತು. ಅಲ್ಲಿಂದ ಬೀಳು 26 ಮೀಟರ್. ಎಂಟು ಮೀಟರ್ ಹೋಯಿತು. ಅದರ ಜೊತೆ ಮುಂದೊಮ್ಮೆ ಯಾರಾದರೂ ಬಂದು ಕಟ್ಟೆ ಒಡೆಸುವ ಭಯವೂ ಹೋಯಿತು. ಈ ಪ್ರಕರಣದ ಅತ್ಯುತ್ತಮ ತೀರ್ಮಾನ ಇದೆಂದು ನಾನು ಎಣಿಸುತ್ತೇನೆ.

ಹಳ್ಳದ ಕೆಳಭಾಗದಲ್ಲಿ ಬೇರೊಂದು ಊರಿನ ಎರಡು ಮನೆಗಳು ಇದೇ ನೀರನ್ನು ಕುಡಿಯಲು ಬಳಸುತ್ತಿದ್ದವು. ಅಲ್ಲಿಯ ಅಜ್ಜಿಯೊಬ್ಬರು ನಮ್ಮ ತಂಡದ ಕಿರಿಯ ಎಂಜಿನಿಯರನ್ನು ನಿಲ್ಲಿಸಿ, "ತಮಾ, ನೀರು ಮೊದಲು ನಮ್ಮ ಬಾಯಿಗೆ, ಆಮೇಲೆ ನಿಮ್ಮ ಚಕ್ರಕ್ಕೆ" ಎಂದು ಕಡಾಖಂಡಿತವಾಗಿ ಹೇಳಿದ್ದರು. ಚಕ್ರ ನೀರನ್ನು ಕುಡಿಯುವುದಿಲ್ಲ, ಹರಿಸಿಬಿಡುತ್ತದೆ. ಆದರೂ ತೆಗೆದ ಜಾಗದಿಂದ ಬಿಡುವ ಜಾಗದವರೆಗೆ ಹಳ್ಳ ಬರಿದಾಗುತ್ತದೆ. ಆದ್ದರಿಂದ ಚಕ್ರದ ಮನೆಯನ್ನು ಅವರ ಪೈಪಿನ ಬಾಯಿಗಿಂತ ಮೇಲೆಯೇ ಕಟ್ಟಿ, ನೀರನ್ನು ಅಲ್ಲೇ ಹಳ್ಳಕ್ಕೆ ಸೇರಿಸುವುದೆಂದೂ, ಹಳ್ಳದಲ್ಲಿ ಎರಡು ಲೀಟರ್ ಯಾವಾಗಲೂ ಬಿಡುವುದೆಂದೂ ಬರೆದು ಸಹಿ ಹಾಕಲಾಯಿತು.

ಹೀಗೆ ಸೆಕೆಂಡಿಗೆ 8 ಲೀಟರ್ ಎಂಬ ಅಂಕಿ ಗಟ್ಟಿಯಾಯಿತು. ರಿಜಿಸ್ಟರಿನ ಪ್ರಕಾರ ಜೂನ್ ಕೊನೆಯಿಂದ ನವೆಂಬರ್ ಮೊದಲ ದಿನಗಳವರೆಗೆ ಅಷ್ಟು ನೀರು ಖಾತ್ರಿ. ಪೈಪಿನ ಆಯ್ಕೆಯಲ್ಲಿ ಮತ್ತೊಂದು ಚರ್ಚೆ ನಡೆಯಿತು. 150 ಮೀಟರ್ ದೂರಕ್ಕೆ 75 ಮಿಲಿಮೀಟರಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಅಗ್ಗ. ಆದರೆ ಅದರಲ್ಲಿ 8 ಲೀಟರ್ ನುಗ್ಗಿಸಿದರೆ ಒಳಗಿನ ಘರ್ಷಣೆಗೇ 11 ಮೀಟರಿನಷ್ಟು ಬೀಳು ಕರಗಿಹೋಗುತ್ತದೆ. 110 ಮಿಲಿಮೀಟರಿನ ಪೈಪಿನಲ್ಲಿ ತಿರುವು, ಜೋಡಣೆಗಳೆಲ್ಲ ಸೇರಿ ನಷ್ಟ ಎರಡು ಮೀಟರ್. ಉಳಿದ 24 ಮೀಟರಿಗೆ ಪೆಲ್ಟನ್ ಚಕ್ರ (ಚಿಮ್ಮುವ ನೀರು ಬಟ್ಟಲುಗಳಿಗೆ ಬಡಿದು ತಿರುಗುವ ಚಕ್ರ) ಕೂರಿಸಿದರೆ 900 ವ್ಯಾಟಿಗೆ ಸ್ವಲ್ಪ ಮೇಲೆ. ಐದು ಕಿಲೋವ್ಯಾಟಿನ ಕನಸು ಒಂದಕ್ಕೂ ಕೆಳಗೆ ಇಳಿದಿತ್ತು.

ಏಳು ಮನೆಗಳಿಗೆ ಹಂಚಿದರೆ ಮನೆಗೆ 130 ವ್ಯಾಟ್. ಅದರಿಂದ ಮಿಕ್ಸಿ ತಿರುಗದು. ಇಲ್ಲಿ ನೆರವಾದದ್ದು ಎಲ್ಲರ ಮನೆಯಲ್ಲೂ ಆಗಲೇ ಇದ್ದ ಬ್ಯಾಟರಿ. ಚಕ್ರದ ವಿದ್ಯುತ್ತನ್ನು ನೇರ ಬಳಸದೆ ಇನ್ವರ್ಟರುಗಳನ್ನು ತುಂಬಲು ಮಾತ್ರ ಕೊಡುವುದು, ಎರಡು ಗುಂಪು ಮಾಡಿಕೊಂಡು ಸರದಿಯ ಮೇಲೆ ತುಂಬುವುದು ಎಂದಾಯಿತು. ತೋಟದ ನೀರಿಗೆ ಸರದಿ ಕಾದು ಗೊತ್ತಿದ್ದ ಜನರಿಗೆ ಇದನ್ನು ವಿವರಿಸುವ ಶ್ರಮವೇ ಬೀಳಲಿಲ್ಲ. ಗುಡ್ಡದ ಮೇಲಿನ ಎರಡು ಮನೆಗಳಿಗೆ ತಂತಿ ಎಳೆದರೆ ವೋಲ್ಟೇಜ್ ಇಳಿಯುತ್ತಿತ್ತು, ಖರ್ಚೂ ಹೆಚ್ಚು. ಮರಗಳ ನೆರಳಿಲ್ಲದ ಛಾವಣಿ ಇದ್ದದ್ದು ಅವೆರಡಕ್ಕೆ ಮಾತ್ರ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಡಿ ಎರಡು ಕಿಲೋವ್ಯಾಟಿಗೆ 60,000 ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದು, ಲೈನು ಹೋದಾಗಲೂ ಬ್ಯಾಟರಿಯಿಂದ ನಡೆಯುವ ಹೈಬ್ರಿಡ್ ಇನ್ವರ್ಟರನ್ನೇ ಅವರು ಹಾಕಿಸಿದರು. ಸಹಾಯಧನ ಫಲಕದ ಕಿಲೋವ್ಯಾಟಿಗೆ ಲೆಕ್ಕ. ಬ್ಯಾಟರಿಯ ಹಣವನ್ನು ಕೈಯಿಂದಲೇ ಹಾಕಬೇಕಾಯಿತು.

ನಡೆದದ್ದು

ಚಕ್ರ ತಿರುಗಿದ ಮೊದಲ ವಾರ ಇನ್ವರ್ಟರುಗಳು ಅದರ ವಿದ್ಯುತ್ತನ್ನು ಸ್ವೀಕರಿಸಲೇ ಇಲ್ಲ. ಒಂದು ಗುಂಪಿನ ಬ್ಯಾಟರಿ ತುಂಬಿ ಹೊರೆ ಇಳಿದೊಡನೆ ಚಕ್ರದ ವೇಗ ಏರುತ್ತಿತ್ತು, ವೋಲ್ಟೇಜ್ ಮತ್ತು ಆವರ್ತನ ಮೇಲೆ ಹೋಗುತ್ತಿದ್ದವು, ಇನ್ವರ್ಟರ್ ಅದನ್ನು ಕೆಟ್ಟ ಲೈನೆಂದು ತಿಳಿದು ಬಾಗಿಲು ಮುಚ್ಚುತ್ತಿತ್ತು. ಚಕ್ರದ ಮೇಲಿನ ಹೊರೆಯನ್ನು ಒಂದೇ ಮಟ್ಟದಲ್ಲಿಡುವ ನಿಯಂತ್ರಕದ ಹೊಂದಾಣಿಕೆಯನ್ನು ಸರಿಪಡಿಸಿ, ಮಿಕ್ಕ ವಿದ್ಯುತ್ತೆಲ್ಲ ನೀರು ಕಾಯಿಸುವ ಕಾಯಿಲ್‌ಗೆ ಹೋಗುವಂತೆ ಮಾಡಿದ ಮೇಲೆ ಆ ತೊಂದರೆ ನಿಂತಿತು. ಆ ಕಾಯಿಲನ್ನು ಹತ್ತಿರದ ಮನೆಯ ಬಚ್ಚಲ ಹಂಡೆಗೆ ಹಾಕಿದ್ದರಿಂದ ಒಂದು ಮನೆಗೆ ಮಾತ್ರ ಬಿಟ್ಟಿ ಬಿಸಿನೀರು ಎಂಬ ಮಾತು ಹುಟ್ಟಿತು. ಪೈಪಿಗೆ ಕಸ ಹೋಗದಂತೆ ನೀರು ತೆಗೆಯುವಲ್ಲಿ ಹಾಕಿದ ಜಾಲರಿ ಸ್ವಚ್ಛಮಾಡುವ ಕೆಲಸವನ್ನು ಆ ಮನೆಯವರೇ ಹೆಚ್ಚು ವಹಿಸಿಕೊಂಡ ಮೇಲೆ ಮಾತು ತಣ್ಣಗಾಯಿತು.

ಜಾಲರಿಯೇ ದೊಡ್ಡ ತಲೆನೋವು. ಮಳೆ ಶುರುವಾದ ಹೊಸತರಲ್ಲಿ ಬೆಟ್ಟದ ಒಂದು ವರ್ಷದ ದರಕೆಲ್ಲ ಹಳ್ಳಕ್ಕೆ ಇಳಿದು ಬರುತ್ತದೆ. ದಿನಕ್ಕೆ ಮೂರು-ನಾಲ್ಕು ಸಲ ಕೈಯಿಂದ ಬಳಿದು ತೆಗೆಯದಿದ್ದರೆ ನೀರು ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿದ್ದ ಜಾಲರಿಯನ್ನು ಮಾರನೆಯ ವರ್ಷ ಓರೆಯಾಗಿ ಹಾಕಿದ ಮೇಲೆ ಎಲೆ ನೀರಿನ ಜೊತೆ ಜಾರಿಹೋಗಿ, ದಿನಕ್ಕೆ ಒಂದು ಸಲ ಸಾಕಾಯಿತು. ಹೊಯಿಗೆ (ಮರಳು) ಕೂರಲೆಂದು ಕಟ್ಟಿದ ತೊಟ್ಟಿ ಚಿಕ್ಕದಾಗಿ, ಚಕ್ರಕ್ಕೆ ನೀರು ಚಿಮ್ಮಿಸುವ ನಾಜಲ್‌ನ ಬಾಯಿ ಒಂದು ಮಳೆಗಾಲದಲ್ಲೇ ಸವೆಯಿತು. ತೊಟ್ಟಿ ದೊಡ್ಡದಾಯಿತು, ನಾಜಲ್ ಬದಲಾಯಿತು.

ಎರಡನೆಯ ಮಳೆಗಾಲದಲ್ಲಿ ಲೈನು ಐದು ದಿನ ಸತತವಾಗಿ ಹೋದಾಗ ಏಳು ಮನೆಗಳಲ್ಲೂ ದೀಪ ಆರಲಿಲ್ಲ. ಜನರೇಟರ್ ಕೊಟ್ಟಿಗೆಯಲ್ಲೇ ಉಳಿಯಿತು. ಗುಡ್ಡದ ಮನೆಗಳಲ್ಲಿ ಮೂರನೆಯ ದಿನದಿಂದ ಟಿವಿ, ಫ್ಯಾನು ನಿಲ್ಲಿಸಿ ದೀಪಕ್ಕಷ್ಟೇ ಇಟ್ಟುಕೊಂಡರು, ಮಳೆ ಹೊಳವಾದ ದಿನ ಬ್ಯಾಟರಿ ಮತ್ತೆ ತುಂಬಿತು. ಹತ್ತಿರದ ಮೊಬೈಲ್ ಟವರ್ ಮಾತ್ರ ಎರಡನೆಯ ದಿನವೇ ಸತ್ತಿದ್ದರಿಂದ, ಚಾರ್ಜ್ ಆದ ಮೊಬೈಲು ಎಲ್ಲರ ಕೈಯಲ್ಲೂ ಸುಮ್ಮನೆ ಇತ್ತು. ಊರಿನ ಹೊರಗಿನ ಈ ಕೊಂಡಿ ಯಾರ ಪಟ್ಟಿಯಲ್ಲೂ ಬಂದಿರಲಿಲ್ಲ.

ನವೆಂಬರಿನ ನಂತರವೂ ಚಕ್ರ ನಡೆಸಬೇಕೆಂಬ ಆಸೆಯಿಂದ, ಮೇಲೆ 50,000 ಲೀಟರಿನ ಟ್ಯಾಂಕ್ ಕಟ್ಟಿ ಹಗಲು ತುಂಬಿ ರಾತ್ರಿ ಬಿಡೋಣವೆಂಬ ಸಲಹೆ ಬಂತು. ಅಷ್ಟೂ ನೀರು 24 ಮೀಟರ್ ಇಳಿದರೆ ಸಿಗುವುದು 1.6 ಯೂನಿಟ್, ಅಂದರೆ ಮನೆಯ ಮೂಲೆಯಲ್ಲಿ ಕೂತ ಒಂದು ಬ್ಯಾಟರಿಗಿಂತ ಕಡಿಮೆ. ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದ ಸಂಜೆಯೇ ಆ ಸಲಹೆ ಬಿದ್ದುಹೋಯಿತು.

ಇದರಿಂದ ತಿಳಿಯುವುದು

ಬೇರೆಯವರು ಇದನ್ನು ಓದುವಾಗ ನಮ್ಮ 900 ವ್ಯಾಟನ್ನಾಗಲಿ 8 ಲೀಟರನ್ನಾಗಲಿ ಎತ್ತಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಪಕ್ಕದ ಹಳ್ಳದ ಲೆಕ್ಕವೇ ಬೇರೆ. ಎತ್ತಿಕೊಳ್ಳಬಹುದಾದದ್ದು ಕ್ರಮವನ್ನು. ಕೊರತೆ ಯಾವ ತಿಂಗಳಿನದು ಎಂದು ಮೊದಲು ಬರೆದು, ಆ ತಿಂಗಳಿನಲ್ಲಿ ಯಾವ ಮೂಲ ಎಷ್ಟು ಕೊಡುತ್ತದೆಂದು ನೋಡಿದಾಗ ಇಲ್ಲಿ ಹಳ್ಳ ಗೆದ್ದಿತು. ಅದೇ ಲೆಕ್ಕವನ್ನು ವರ್ಷದ ಒಟ್ಟು ಯೂನಿಟ್ಟಿನ ಮೇಲೆ ಮಾಡಿದ್ದರೆ ಸೌರವೇ ಗೆಲ್ಲುತ್ತಿತ್ತು, ಜುಲೈನಲ್ಲಿ ಕತ್ತಲೆ ಹಾಗೆಯೇ ಉಳಿಯುತ್ತಿತ್ತು. ಕುಮಟಾ, ಕಾರವಾರದ ಕರಾವಳಿಯ ಬಯಲಿನಲ್ಲಿ ಇಂಥ ಬೀಳು ಸಿಗುವುದಿಲ್ಲ. ಅಲ್ಲಿ ಇದೇ ಪ್ರಶ್ನೆಗೆ ಉತ್ತರ ಬಹುಶಃ ಬ್ಯಾಟರಿ ಸಹಿತ ಸೌರವೇ.

ಈ ಕೆಲಸ ನೋಡಿಹೋದ ನೆರೆಯ ಮಜರೆಯವರು ತಮಗೂ ಬೇಕೆಂದು ಕೇಳಿದಾಗ ಒತ್ತಡಮಾಪಕ 1.1 ತೋರಿಸಿತು, ಅಂದರೆ 11 ಮೀಟರ್. ಅವರ ಹಳ್ಳ ಸೆಪ್ಟೆಂಬರ್ ಕಳೆಯುತ್ತಲೇ ಇಳಿಯುತ್ತದೆಂದು ಅವರೇ ಹೇಳಿದರು. ಅಲ್ಲಿ ಚಕ್ರ ಬೇಡ, ಇರುವ ಬ್ಯಾಟರಿಗಳನ್ನು ಹೆಚ್ಚಿಸಿಕೊಳ್ಳಿ ಎಂದು ಬರೆದುಕೊಟ್ಟೆವು. ನಮ್ಮ ಮಜರೆಯಲ್ಲಿ ಈಗ ನಡೆಯುತ್ತಿರುವ ಚರ್ಚೆ ಎರಡನೆಯ ನಾಜಲ್‌ನದು: ಮಟ್ಟ 18 ಸೆಂಟಿಮೀಟರಿಗಿಂತ ಮೇಲಿರುವ ವಾರಗಳಲ್ಲಿ ಇನ್ನೂ ಎಂಟು ಲೀಟರ್ ತೆಗೆಯಬಹುದು, ಆದರೆ ಅಷ್ಟು ನೀರಿಗೆ ಈಗಿನ ಪೈಪಿನೊಳಗಿನ ನಷ್ಟ ನಾಲ್ಕು ಪಟ್ಟಾಗುತ್ತದೆ. ಅಂಥ ವಾರಗಳು ವರ್ಷಕ್ಕೆ ಎಷ್ಟು ಎಂದು ರಿಜಿಸ್ಟರಿನಿಂದ ಎಣಿಸುವ ಕೆಲಸ ನಡೆದಿದೆ. ಹಣ ಕೂಡಿಸುವ ಮಾತು ಆ ಎಣಿಕೆ ಮುಗಿದ ಮೇಲೆಯೇ ಎಂದು ಮನೆಯವರೇ ಗೊತ್ತುಮಾಡಿಕೊಂಡಿದ್ದಾರೆ.